ಟಿವಿಯ ಬೆನ್ನಿಗೆ ಕೂತ ಅತ್ತಿಗೆ

ವಿಡಿಯೊ ಗೇಮ್ ಮಾರುವ ಅಂಗಡಿಗೆ ಹೋದವರು ಟಿವಿಯನ್ನು ನೋಡುತ್ತಾರೆ. ಅತ್ತಿಗೆಯ ಅಂಗಡಿಯಲ್ಲಿ ಮಾತ್ರ ಟಿವಿ ಅತ್ತಿಗೆಗೆ ಬೆನ್ನು ತೋರಿಸಿಕೊಂಡು ನಿಂತಿತ್ತು. ರೈಲು ಡಬ್ಬಿಯಂತೆ ಉದ್ದಕ್ಕಿದ್ದ ಆ ಅಂಗಡಿಯ ನಟ್ಟನಡುವೆ ಒಂದು ಕಬ್ಬಿಣದ ಮೇಜು, ಅದರ ಮೇಲೆ ಟಿವಿ, ಎದುರಿಗೆ ಗಿರಾಕಿಗಳು ಕೂತು ಆಡಿ ನೋಡಲು ತೋಳು ಹರಿದ ಒಂದು ಸೋಫಾ. ಟಿವಿಯ ಹಿಂದೆ, ವೈರುಗಳ ಗೋಜಲಿನ ನಡುವೆ, ಒಂದು ಸ್ಟೂಲು. ಅದರ ಮೇಲೆ ಕೂತು, ಮೇಜಿನ ಅಂಚಿಗೆ ಮೊಣಕೈ ಊರಿ, ಟಿವಿಯ ಪಕ್ಕದಿಂದ ಮುಖ ಹೊರಗೆ ಹಾಕಿ ಅತ್ತಿಗೆ ಆಡುವವರನ್ನೇ ನೋಡುತ್ತಿದ್ದರು. ಹೊಸಬರು ಮೊದಲು ಸ್ವಲ್ಪ ಬೆಚ್ಚುತ್ತಿದ್ದರು. ಆಟ ಶುರುವಾದ ಮೇಲೆ ಅತ್ತಿಗೆಯೂ ಮೇಜಿನ ಇನ್ನೊಂದು ಕಾಲಿನ ಹಾಗಾಗಿಬಿಡುತ್ತಿದ್ದರು.

ಇದೇನೂ ವ್ಯಾಪಾರದ ಜಾಣತನವಲ್ಲ, ಹೊಟ್ಟೆಯ ತೊಂದರೆ. ಅಂಗಡಿ ಮೊದಲು ಇಟ್ಟವನು ಅವರ ಮೈದುನ, ಗಂಡನ ತಮ್ಮ. ಅವನು ಮೆಟ್ಟಿಲು ಜಾರಿ ಕಾಲು ಉಳುಕಿಸಿಕೊಂಡಾಗ, ನಾಲ್ಕು ದಿನ ಗಲ್ಲಾದಲ್ಲಿ ಕೂತಿರಿ ಅತ್ತಿಗೆ ಎಂದು ಕರೆದ. ಹೋದ ಮೊದಲ ಬೆಳಿಗ್ಗೆಯೇ ಯಾರೋ ಕಾರಿನ ಆಟ ಹಾಕಿದರು. ಪರದೆಯ ಮೇಲೆ ರಸ್ತೆ ಎರಡು ತಿರುವು ತಿರುಗುವಷ್ಟರಲ್ಲಿ ಅತ್ತಿಗೆಗೆ ತಲೆ ಗಿರ್ರೆಂದು, ಕಸದ ಬುಟ್ಟಿಯ ಕಡೆ ಓಡಬೇಕಾಯಿತು. ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕರೂ ಅವರ ಪಾಡು ಅದೇ. ಸಂಜೆಯ ಹೊತ್ತಿಗೆ ಅವರು ಸ್ಟೂಲನ್ನು ಟಿವಿಯ ಹಿಂದಕ್ಕೆ ಎಳೆದುಕೊಂಡಾಗಿತ್ತು. ಅಲ್ಲಿಂದ ಆಟ ಕಾಣುವುದಿಲ್ಲ, ಮುಖ ಕಾಣುತ್ತದೆ. ಮೈದುನನ ಕಾಲು ವಾಸಿಯಾಯಿತು, ಅತ್ತಿಗೆ ಏಳಲಿಲ್ಲ. ವ್ಯಾಪಾರ ಕೈ ಹತ್ತಿದ್ದನ್ನು ಕಂಡು ಅವನೂ ಏಳಿ ಎನ್ನಲಿಲ್ಲ, ಪಾಲುದಾರಳನ್ನಾಗಿಯೇ ಮಾಡಿಕೊಂಡ. ಅವನು ಕರೆಯುವುದನ್ನು ಕೇಳಿ ಕೇಳಿ ಬೀದಿಗೆ ಬೀದಿಯೇ ಅವರನ್ನು ಅತ್ತಿಗೆ ಎನ್ನತೊಡಗಿತು. ಸ್ವಂತ ಅತ್ತಿಗೆಯ ಜೊತೆ ಮಾತು ಬಿಟ್ಟವರು ಕೂಡ.

ಅಂಗಡಿಯಲ್ಲಿ ಮೂರು ಕಂಪನಿಯ ಯಂತ್ರಗಳಿದ್ದವು. ಅವುಗಳ ಇಂಗ್ಲಿಷ್ ಹೆಸರುಗಳನ್ನು ಮೈದುನ ಗೌರವದಿಂದ ಹೇಳುತ್ತಿದ್ದ. ಅತ್ತಿಗೆ ಅವುಗಳನ್ನು ನೆಂಟರನ್ನಾಗಿ ಮಾಡಿಕೊಂಡಿದ್ದರು. ಎತ್ತರದ, ಗತ್ತಿನ ಪೆಟ್ಟಿಗೆ ದೊಡ್ಡಪ್ಪ. ಆತನ ಆಟಗಳೆಲ್ಲ ಭಾರಿ ಕಥೆಗಳು, ನಡುಮನೆಯ ಬಾಗಿಲು ಹಾಕಿ, ಮಿಕ್ಕವರನ್ನು ಸುಮ್ಮನಿರಿಸಿ, ಒಬ್ಬರೇ ಕೂತು ಆಡುವಂಥವು. ಚೌಕದ ಪೆಟ್ಟಿಗೆ ಸೋದರಮಾವ. ತಿಂಗಳ ಚಂದಾ ಕಟ್ಟಿದರೆ ಚೀಲಗಟ್ಟಲೆ ಆಟ ತಂದು ಸುರಿಯುತ್ತಾನೆ, ಹಳೆಯ ಕಾಲದ ಆಟಗಳನ್ನೂ ಮರೆಯದೆ ಆಡಿಸುತ್ತಾನೆ. ಆದರೆ ತನ್ನದೇ ಆಟ ಅಂತ ಹೆಮ್ಮೆಯಿಂದ ತೋರಿಸುವುದು ಕಡಿಮೆ, ಇರುವುದನ್ನೂ ಪಕ್ಕದ ಮನೆಗೆ ಕೊಟ್ಟು ಬರುತ್ತಾನೆ. ಕೈಯಲ್ಲಿ ಹಿಡಿಯುವ ಪುಟ್ಟದು ಚಿಕ್ಕಮ್ಮ. ಚಿತ್ರ ಅಷ್ಟು ನಯವಲ್ಲ, ಶಕ್ತಿಯೂ ಅಷ್ಟಕ್ಕಷ್ಟೇ, ಆದರೆ ಅಡುಗೆಮನೆ, ಬಸ್ಸು, ಹಾಸಿಗೆ ಎಲ್ಲ ಕಡೆಗೂ ಹೊರಟು ನಿಲ್ಲುತ್ತಾಳೆ, ನಾಲ್ಕು ಜನರನ್ನು ಒಟ್ಟಿಗೆ ಕೂರಿಸಿ ನಗಿಸುತ್ತಾಳೆ. ಒಂದೇ ಗುಣ ಕೆಟ್ಟದ್ದು: ಎಷ್ಟು ವರ್ಷವಾದರೂ ತನ್ನ ಆಟಗಳ ಬೆಲೆ ಇಳಿಸುವುದಿಲ್ಲ.

ಈ ಪೆಟ್ಟಿಗೆಯ ಆಟ ಆ ಪೆಟ್ಟಿಗೆಯಲ್ಲಿ ಯಾಕೆ ನಡೆಯುವುದಿಲ್ಲ ಎಂದು ಗಿರಾಕಿಗಳು ಕೇಳಿದರೆ ಮೈದುನ ಹಕ್ಕು, ಒಪ್ಪಂದ ಎಂದೆಲ್ಲ ಶುರು ಮಾಡುತ್ತಿದ್ದ. ಅತ್ತಿಗೆ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: ದೊಡ್ಡಪ್ಪನ ಮನೆಯ ಗಾದಿಯನ್ನು ಚಿಕ್ಕಮ್ಮನ ಮನೆಗೆ ಕೊಡುತ್ತಾರೆಯೇ? ಗಿರಾಕಿ ತನ್ನ ಮನೆಯ ಗಾದಿಗಳನ್ನು ನೆನೆದು ತಲೆಯಾಡಿಸುತ್ತಿದ್ದ.

ಯಾವ ಯಂತ್ರ ಒಳ್ಳೆಯದು ಎನ್ನುವ ಪ್ರಶ್ನೆಗೆ ಮೈದುನನ ಬಳಿ ಅಂಕಿಗಳಿದ್ದವು. ಅತ್ತಿಗೆಯ ಬಳಿ ಮುಖಗಳಿದ್ದವು. ಕ್ಷೌರದಂಗಡಿಯವನು ಒಮ್ಮೆ ಬಂದು, ಎಲ್ಲಕ್ಕಿಂತ ಹೆಚ್ಚು ಶಕ್ತಿ ಇರುವುದನ್ನೇ ಕೊಡಿ ಎಂದ. ಆಡಿ ನೋಡಿ ಎಂದು ಅತ್ತಿಗೆ ಮೂರನ್ನೂ ಸರದಿಯಲ್ಲಿ ಕೊಟ್ಟರು. ದೊಡ್ಡಪ್ಪನ ಮುಂದೆ ಅವನು ಪರೀಕ್ಷೆಗೆ ಕೂತವನ ಹಾಗೆ ಬೆವರಿದ. ಚಿಕ್ಕಮ್ಮ ಕೈಗೆ ಬಂದಾಗ ಹೆಗಲು ಇಳಿಯಿತು, ಕಾಲಿನ ಹೆಬ್ಬೆರಳು ತಾಳ ಹಾಕಿತು. ಅದನ್ನೇ ಕಟ್ಟಿ ಕಳಿಸಿದರು. ಈಗ ಅವನ ಅಂಗಡಿಯಲ್ಲಿ ತಲೆ ಕೊಡಲು ಬಂದವರು ಸರದಿ ಬಂದರೂ ಅದನ್ನು ಬಿಟ್ಟು ಏಳುವುದಿಲ್ಲ.

ಅತ್ತಿಗೆ ಎಡವಿದ್ದೂ ಉಂಟು. ಒಬ್ಬ ಲೆಕ್ಚರರು ದೊಡ್ಡಪ್ಪನ ಆಟವೊಂದನ್ನು ಆಡುತ್ತ ಆಡುತ್ತ ಮುಖ ಕಿವುಚಿ, ಕಣ್ಣಲ್ಲಿ ನೀರು ತಂದುಕೊಂಡರು. ಅತ್ತಿಗೆ ಹೊಟ್ಟೆನೋವೆಂದುಕೊಂಡು ಅವರ ಕೈಯಿಂದ ಕಂಟ್ರೋಲರ್ ಕಿತ್ತುಕೊಂಡು ಬಿಸಿನೀರು ಕೊಟ್ಟರು. ಆಟದಲ್ಲಿ ಯಾರೋ ಮುದುಕ ಸಾಯುತ್ತಿದ್ದನಂತೆ. ಆ ಮುದುಕನನ್ನು ಪೂರ್ತಿ ಸಾಯಲೂ ನೀವು ಬಿಡಲಿಲ್ಲ ಎಂದು ಮೈದುನ ಒಂದು ತಿಂಗಳು ಆಡಿಕೊಂಡ.

ಹೀಗೆ ಸಾಗುತ್ತಿದ್ದಾಗ ದೊಡ್ಡಪ್ಪನ ಕಂಪನಿಯ ಏಜೆಂಟ್ ಬಂದ. ಇಸ್ತ್ರಿ ಮಾಡಿದ ಶರ್ಟು, ಇಸ್ತ್ರಿ ಮಾಡಿದ ಮಾತು. ಈ ಬೀದಿಯಲ್ಲಿ ಒಂದು ಅಂಗಡಿಯನ್ನು ಕಂಪನಿಯ ಸ್ವಂತ ಮಳಿಗೆಯ ಹಾಗೆ ಮಾಡುತ್ತೇವೆ ಎಂದ. ಹೊರಗೆ ಮಿನುಗುವ ನೀಲಿ ಬೋರ್ಡು, ಒಳಗೆ ಹೊಸ ಸೋಫಾ, ಹೊಸ ಆಟ ಎಲ್ಲರಿಗಿಂತ ಮೊದಲು. ಬದಲಿಗೆ ಸೋದರಮಾವ, ಚಿಕ್ಕಮ್ಮ ಇಬ್ಬರೂ ಅಂಗಡಿ ಬಿಡಬೇಕು. ಗಿರಾಕಿಗಳೊಡನೆ ಮಾತಾಡಲು ಕಂಪನಿಯೇ ತರಬೇತಿಯಾದವರನ್ನು ಕಳಿಸುತ್ತದೆ. ಇನ್ನು ಟಿವಿ, ಅದು ಗೋಡೆಗೆ ಹೋಗುತ್ತದೆ.

ಮೊದಲಿನದೆಲ್ಲ ಅತ್ತಿಗೆ ಕಿವಿಗೆ ಹಾಕಿಕೊಂಡರು. ಕೊನೆಯ ಮಾತು ಹೊಟ್ಟೆಗೆ ಹೋಗಿ ಕೂತಿತು. ಟಿವಿ ಗೋಡೆಗೆ ಹೋದರೆ ಟಿವಿಗೆ ಹಿಂಭಾಗ ಎನ್ನುವುದೇ ಇರುವುದಿಲ್ಲ. ಅತ್ತಿಗೆಗೆ ಆ ಅಂಗಡಿಯಲ್ಲಿ ಇದ್ದ ಜಾಗ ಅದೊಂದೇ. ಸೋಫಾದ ಕಡೆ ಕೂತರೆ ಅವರೊಬ್ಬ ವಾಂತಿ ಬರುವ ಹೆಂಗಸು, ಅಷ್ಟೇ.

ಮೈದುನ ಬೋರ್ಡಿನ ಚಿತ್ರವನ್ನು ಫೋನಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದ. ಅವನಿಗೆ ಮೊದಲಿನಿಂದಲೂ ದೊಡ್ಡಪ್ಪನ ಕಥೆಯ ಆಟಗಳೆಂದರೆ ಪ್ರಾಣ. ಮಾವನ ಚಂದಾದಿಂದ ನಮಗೇನು ಉಳಿಯುತ್ತದೆ, ಚಿಕ್ಕಮ್ಮನನ್ನು ಆಟಿಕೆ ಅಂಗಡಿಯವನೂ ಮಾರುತ್ತಾನೆ ಎಂದು ಬುತ್ತಿ ಡಬ್ಬಿ ತೆಗೆಯುವ ಹೊತ್ತಿಗೆ ವಾದ ಹೂಡಿದ. ಅತ್ತಿಗೆ, ಮೂರು ಮನೆಯೂ ನಮ್ಮಲ್ಲಿರುವುದಕ್ಕೇ ಜನ ಹೋಲಿಸಿ ನೋಡಲು ಬರುವುದು, ಒಂದೇ ಇದ್ದರೆ ಹೋಲಿಸುವುದು ಯಾವುದಕ್ಕೆ ಯಾವುದನ್ನು ಎಂದರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಮೈದುನ ಆಡಬಾರದ ಮಾತನ್ನು ಆಡಿಯೇಬಿಟ್ಟ.

"ಬೇಜಾರು ಮಾಡ್ಕೋಬೇಡಿ ಅತ್ತಿಗೆ. ಇಷ್ಟು ವರ್ಷದಲ್ಲಿ ನೀವು ಒಂದು ಆಟಾನಾದ್ರೂ ಆಡಿದ್ದೀರಾ? ನೋಡಿದ್ದೀರಾ? ನೋಡದೆ ಯಾವುದು ಮೇಲು ಯಾವುದು ಕೀಳು ಅಂತ ಹೆಂಗೆ ಹೇಳ್ತೀರಿ?"

ಅತ್ತಿಗೆ ಡಬ್ಬಿ ಮುಚ್ಚಿದರು. ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಒತ್ತಿ ನೋಡಿದರು.

"ಸರಿಯಪ್ಪ. ಸಹಿ ಹಾಕಿಸ್ಕೊಳ್ಳೋಕೆ ಬರ್ತಾನಲ್ಲ, ಆವತ್ತು ಅವನನ್ನ ಸೋಫಾದ ಮೇಲೆ ಕೂರಿಸು. ಎಲ್ಲ ಗಿರಾಕಿಗಳ ಥರಾನೇ ಅವನೂ ಮೂರನ್ನೂ ಆಡಲಿ. ಆಮೇಲೆ ನೀನು ಹೇಳಿದ ಹಾಗೆ."

ಅಷ್ಟರಿಂದ ಏನು ಹೋಗುತ್ತದೆ ಎಂದು ಮೈದುನ ಒಪ್ಪಿದ. ಅಂದು ರಾತ್ರಿ ಅತ್ತಿಗೆಯ ಗಂಡ ಇಬ್ಬರ ಮುಖವನ್ನೂ ನೋಡಿ, ಯಾರ ಪರ ಮಾತಾಡಿದರೂ ಊಟಕ್ಕೆ ಕುತ್ತು ಎಂದು ತಿಳಿದು, ಉಪ್ಪಿನ ಬಗ್ಗೆ ಮಾತ್ರ ಮಾತಾಡಿದ.

ಏಜೆಂಟ್ ಹೇಳಿದ ದಿನಕ್ಕೆ ಕಾಗದಗಳನ್ನು ಹಿಡಿದು ಬಂದ. ಸಹಿಗೆ ಮೊದಲು ನಮ್ಮ ಗಿರಾಕಿಯಾಗಿ ಒಮ್ಮೆ ಕೂತು ತೋರಿಸಿ ಸಾರ್, ನಾವೂ ಕಲಿತುಕೊಳ್ಳುತ್ತೇವೆ ಎಂದು ಅತ್ತಿಗೆ ವಿನಯದಿಂದ ಕೇಳಿದರು. ಅವನಿಗೆ ಸಂತೋಷವೇ ಆಯಿತು. ದೊಡ್ಡಪ್ಪನ ಹೊಸ ಆಟ ಹಾಕಿಕೊಂಡು, ಬೆಟ್ಟ ನೋಡಿ, ನೀರಿನಲ್ಲಿ ಬೆಟ್ಟದ ನೆರಳು ನೋಡಿ, ಒಂದು ಸೆಕೆಂಡಿಗೆ ಚಿತ್ರ ಎಷ್ಟು ಸಲ ಬದಲಾಗುತ್ತದೆ ನೋಡಿ ಎಂದು ವಿವರಿಸುತ್ತ ಆಡಿದ. ಅತ್ತಿಗೆ ಸ್ಟೂಲಿನಿಂದ ಮೈದುನನನ್ನು ಕರೆದರು. ಇಲ್ಲೊಂದು ವೈರು ಸಡಿಲವಾಗಿದೆ, ಸ್ವಲ್ಪ ಹಿಡಿದುಕೋ.

ವೈರೇನೂ ಸಡಿಲವಾಗಿರಲಿಲ್ಲ. ಮೈದುನ ಹಿಡಿದುಕೊಂಡು ನಿಂತ. ನಿಂತವನಿಗೆ ನೋಡಲು ಬೇರೇನೂ ಇರಲಿಲ್ಲ, ಏಜೆಂಟನ ಮುಖ ಬಿಟ್ಟರೆ. ತಾನು ಪ್ರಾಣ ಬಿಡುವ ಆಟ ಅದು. ಆಡುತ್ತಿದ್ದವನ ಮುಖ ಮಾತ್ರ ಸರ್ಕಾರಿ ಕಚೇರಿಯಲ್ಲಿ ನಕಲು ಪ್ರತಿಗಳಿಗೆ ಒಂದರ ಮೇಲೊಂದು ಸೀಲು ಒತ್ತುವವನ ಮುಖದಂತಿತ್ತು. ಬಾಯಿ ಹೊಗಳುತ್ತಿತ್ತು, ಕಣ್ಣು ಗಡಿಯಾರ ಹುಡುಕುತ್ತಿತ್ತು.

ಮಾವನ ಸರದಿ ಬಂದಾಗ ಅದೇ ಮುಖಕ್ಕೆ ಸ್ವಲ್ಪ ಜೀವ ಬಂತು. ಅದು ಆಟದ ಖುಷಿಯಲ್ಲ, ತಪ್ಪು ಹುಡುಕುವ ಖುಷಿ. ನೋಡಿ, ಪಟ್ಟಿಯಲ್ಲಿ ಇಷ್ಟೊಂದು ಆಟ, ಯಾವುದನ್ನು ಆಡುವುದೆಂದು ಆರಿಸುವುದರಲ್ಲೇ ಸಂಜೆ ಕಳೆಯುತ್ತದೆ ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅತ್ತಿಗೆ ಹೌದೆಂದು ತಲೆಯಾಡಿಸಿ ಚಿಕ್ಕಮ್ಮನನ್ನು ಅವನ ಕೈಗಿಟ್ಟರು. ಇದು ಮಕ್ಕಳದ್ದು ಎಂದು ನಗುತ್ತಲೇ ತೆಗೆದುಕೊಂಡ.

ಅದರಲ್ಲಿದ್ದುದು ಒಂದು ಅಂಚೆ ದೋಣಿಯ ಆಟ. ದ್ವೀಪದಿಂದ ದ್ವೀಪಕ್ಕೆ ಕಟ್ಟುಗಳನ್ನು ಮುಟ್ಟಿಸಬೇಕು, ದಾರಿಯಲ್ಲಿ ಬಾತುಕೋಳಿಗಳು ಬಂದು ಅಡ್ಡ ಮಲಗುತ್ತವೆ, ಅವನ್ನು ನೋಯಿಸದೆ ಎಬ್ಬಿಸಬೇಕು. ಶತ್ರುವಿಲ್ಲ, ಗುಂಡಿಲ್ಲ, ನೀರಿನಲ್ಲಿ ಬೆಟ್ಟದ ನೆರಳೂ ಇಲ್ಲ. ಏಜೆಂಟ್ ಮೊದಲ ಕಟ್ಟು ಮುಟ್ಟಿಸಿದ. ಎರಡನೆಯದಕ್ಕೆ ಸೋಫಾದ ಅಂಚಿಗೆ ಜರುಗಿದ. ಆಮೇಲೆ ವಿವರಣೆ ನಿಂತಿತು. ನಾಲಗೆಯ ತುದಿ ತುಟಿಯ ಮೂಲೆಯಿಂದ ಇಣುಕಿತು. ಫೋನು ಜೇಬಿನಲ್ಲಿ ಗುರುಗುಟ್ಟಿತು, ಅವನು ಅದನ್ನು ತೊಡೆಯಿಂದಲೇ ಒತ್ತಿ ಸುಮ್ಮನಾಗಿಸಿದ. ಒಂದು ಹಟಮಾರಿ ಬಾತುಕೋಳಿಗೆ, "ಏಳಮ್ಮ, ಹೊತ್ತಾಗುತ್ತೆ" ಎಂದು ಮೆಲ್ಲಗೆ ಹೇಳಿದ. ತಾನು ಹೇಳಿದ್ದು ಅವನಿಗೇ ಕೇಳಿಸಲಿಲ್ಲ.

ಮೈದುನ ವೈರು ಬಿಟ್ಟಿದ್ದ. ಇಷ್ಟು ವರ್ಷ ಸೋಫಾದ ಪಕ್ಕ ನಿಂತು, ಗಿರಾಕಿಯ ಜೊತೆ ಪರದೆಯನ್ನೇ ನೋಡಿ ಮಾರಿದವನು ಅವನು. ಒಬ್ಬ ಮನುಷ್ಯನ ಇಸ್ತ್ರಿ ಹೀಗೆ ಕಣ್ಣೆದುರೇ ಮುದುಡಿ ಒಳಗಿನ ಮುಖ ಹೊರಬರುವುದನ್ನು ಕಂಡಿರಲಿಲ್ಲ. ಗೆದ್ದವರಂತೆ ನಗಲು ಅತ್ತಿಗೆಗೆ ಅದೇ ಸರಿಯಾದ ಹೊತ್ತು, ಆದರೆ ನಗಲಿಲ್ಲ. ದನಿ ತಗ್ಗಿಸಿ ಕೇಳಿದರು.

"ಟಿವೀನ ಗೋಡೆಗೆ ಹಾಕ್ಬಿಟ್ರೆ, ಈ ಮುಖ ನೋಡೋರ್ಯಾರು?"

ಏಜೆಂಟ್ ಕಟ್ಟುಗಳನ್ನೆಲ್ಲ ಮುಟ್ಟಿಸಿ, ಯಾರೋ ನಿದ್ದೆಯಿಂದ ಎಬ್ಬಿಸಿದ ಹಾಗೆ ತಲೆ ಎತ್ತಿದಾಗ, ಮೈದುನ ಎದುರಿಗೆ ಬಂದು ನಿಂತು ತನ್ನ ಷರತ್ತು ಹೇಳಿದ. ಬೋರ್ಡು ನಿಮ್ಮದೇ ಇರಲಿ, ಸೋಫಾ ನಿಮ್ಮದೇ ಇರಲಿ. ಟಿವಿ ನಡುವೆಯೇ ಇರುತ್ತದೆ, ಮೂರು ಪೆಟ್ಟಿಗೆಯೂ ಇರುತ್ತವೆ, ಅತ್ತಿಗೆಯೂ ಇರುತ್ತಾರೆ. ಏಜೆಂಟ್ ಪಾಪ, ಕಾಗದಗಳನ್ನು ತಿರುವಿ ತಿರುವಿ ನೋಡಿದ. ಕಂಪನಿ ಒಪ್ಪುವುದಿಲ್ಲ, ತನ್ನ ಕೈಯಲ್ಲಿಲ್ಲ ಎಂದ. ಹಾಗಾದರೆ ಬೇಡ ಸಾರ್ ಎಂದ ಮೈದುನ. ನೀಲಿ ಬೋರ್ಡು ಅವನ ಕಣ್ಣಲ್ಲಿ ಇನ್ನೂ ಮಿನುಗುತ್ತಿತ್ತು.

ಏಜೆಂಟ್ ಕಾಗದಗಳನ್ನು ಚೀಲಕ್ಕೆ ಸೇರಿಸಿದ. ಬಾಗಿಲವರೆಗೂ ಹೋದ. ಅಲ್ಲಿ ನಿಂತು ಬೂಟಿನ ತುದಿ ನೋಡಿಕೊಂಡ. ಆಮೇಲೆ ಹಿಂದಿರುಗಿ ಬಂದು, ಮೈದುನನನ್ನು ಬಿಟ್ಟು, ಟಿವಿಯ ಹಿಂದೆ ಬಗ್ಗಿ ಕೇಳಿದ.

"ಮೇಡಂ, ಆ ಚಿಕ್ಕದು... ಬಾತುಕೋಳಿ ಆಟದ ಸಮೇತ ತಗೊಂಡ್ರೆ ಏನಾದ್ರೂ ಕಮ್ಮಿ ಮಾಡ್ತೀರಾ?"

"ಚಿಕ್ಕಮ್ಮನ ಹತ್ರ ಅದೊಂದು ಕೇಳ್ಬೇಡಿ ಸಾರ್. ದೊಡ್ಡಪ್ಪನ್ನ ತಗೊಂಡ್ರೆ ಮಾಡ್ಕೊಡ್ತೀನಿ."

"ಅದು ಮನೇಲಿದೆ," ಎಂದ ಅವನು ನಿಟ್ಟುಸಿರಿಟ್ಟು. ಕಟ್ಟುವಾಗ ಮತ್ತೆ ಬಗ್ಗಿದ. "ಹೆಸರಿಲ್ಲದ ಕವರ್ ಇದ್ರೆ ಅದ್ರಲ್ಲಿ ಹಾಕಿ."

ಬೋರ್ಡು ಎದುರಿನ ಅಂಗಡಿಗೆ ಹೋಯಿತು. ಸಂಜೆಯಾದರೆ ಅದರ ನೀಲಿ ಬೆಳಕು ರಸ್ತೆ ದಾಟಿ ಬಂದು ಅತ್ತಿಗೆಯ ಅಂಗಡಿಯ ಮುಂಭಾಗವನ್ನೂ ಬೆಳಗುತ್ತದೆ. ಜನ ಅಲ್ಲಿ ಬೆಟ್ಟದ ನೆರಳು ನೋಡಿ, ಅಂಕಿ ಕೇಳಿಸಿಕೊಂಡು, ಮಿಕ್ಕ ಎರಡು ಹೇಗಿವೆಯೋ ನೋಡೋಣ ಎಂದು ಇಲ್ಲಿಗೆ ದಾಟುತ್ತಾರೆ. ಅವರಲ್ಲಿ ಕೆಲವರು, ಹೊಸ ಆಟ ಮೊದಲು ಬರುವುದು ಅಲ್ಲಿಗೇ ಎಂದು, ಕೊನೆಗೆ ದೊಡ್ಡಪ್ಪನನ್ನೇ ಕೊಳ್ಳಲು ವಾಪಸು ಹೋಗುತ್ತಾರೆ. ದೊಡ್ಡಪ್ಪನ ಮುಖವಿದ್ದವರಿಗೆ ದೊಡ್ಡಪ್ಪನೇ ಸರಿ, ಅತ್ತಿಗೆ ತಡೆಯುವುದಿಲ್ಲ. ಆದರೆ ವ್ಯಾಪಾರ ಕೈತಪ್ಪಿತಲ್ಲ ಎಂದು ಮೈದುನ ಹಲ್ಲು ಕಡಿಯುತ್ತಾನೆ.

ಅವನಿಗೂ ಈಗ ಮುಖ ನೋಡುವ ಹುಚ್ಚು ಹಿಡಿದಿದೆ. ತನಗೂ ಒಂದು ಸ್ಟೂಲು ತಂದುಕೊಂಡ. ಇಬ್ಬಿಬ್ಬರು ಹೀಗೆ ನೋಡಿದರೆ ಗಿರಾಕಿ ಪೊಲೀಸ್ ಠಾಣೆ ಎಂದುಕೊಂಡಾನು ಎಂದು ಅತ್ತಿಗೆ ಒಂದು ದಿನ ತಡೆದರು, ಎರಡು ದಿನ ತಡೆದರು, ಆಮೇಲೆ ವೈರುಗಳನ್ನು ಸರಿಸಿ ಜಾಗ ಕೊಟ್ಟರು. ಮೊದಲ ದಿನ ಸೋಫಾದ ಮೇಲೆ ಒಬ್ಬ ಹೆಂಗಸು ಮಾವನ ಆಟ ಆಡುತ್ತ ಹುಬ್ಬು ಗಂಟಿಕ್ಕಿ, ತುಟಿ ಕಚ್ಚಿ, ಮುಂದಕ್ಕೆ ಬಾಗಿದ್ದಳು. ಮೈದುನ ಅತ್ತಿಗೆಯ ಕಿವಿಗೆ ಬಾಗಿ, ಎಷ್ಟು ಮುಳುಗಿದ್ದಾರೆ ನೋಡಿ, ಇವರಿಗೆ ಮಾವನೇ ಎಂದು ಪಿಸುಗುಟ್ಟಿದ.

ಅತ್ತಿಗೆ ಅವಳ ಮುಖ ನೋಡಿದರು, ಕೆಳಗೂ ಒಮ್ಮೆ ನೋಡಿದರು.

"ಅದು ಆಟದ ಮುಖ ಅಲ್ಲಪ್ಪ," ಎಂದರು. "ಚಪ್ಪಲಿ ಕಚ್ತಿದೆ."