ಓಣಂ ಸೀರೆಗೆ ಅತ್ತೆಯ ಅರಿಶಿನ

ಫ್ರೆಂಡ್ಸ್, ನನಗಿನ್ನೂ ನಂಬಲಾಗುತ್ತಿಲ್ಲ!

ಇವತ್ತು ಬೈಲಹೊಂಗಲದ ನಮ್ಮ ಶಾಲೆಯಲ್ಲಿ ಓಣಂ. ಟೀಚರುಗಳೆಲ್ಲ ಚಿನ್ನದಂಚಿನ ಬಿಳಿ ಸೀರೆ ಉಡಬೇಕೆಂದು ಮಾತಾಗಿತ್ತು. ಬೆಳಿಗ್ಗೆ ಉಟ್ಟು, ಸೆಲ್ಫಿ ತೆಗೆದುಕೊಂಡು, ಕುಣಿಯುತ್ತ ಹೊರಬಂದರೆ ಪಡಸಾಲೆಯಲ್ಲಿ ಅತ್ತೆ ಕಲ್ಲಾಗಿ ನಿಂತರು.

“ಯವ್ವಾ, ಮದಿವ್ಯಾಗಿ ಮೂರ ತಿಂಗಳಾಗಿಲ್ಲ, ಬಿಳಿ ಸೀರಿ ಉಟಗೊಂಡು ಎಲ್ಲಿಗೆ ಹೊಂಟಿ? ನನ್ನ ಮಗ ಇನ್ನೂ ಗಟ್ಟಿ ಅದಾನ!”

“ಅತ್ತಿ, ಇದು ಕೇರಳದ ಹಬ್ಬದ ಸೀರಿರಿ. ಎಲ್ಲಾರೂ ಉಡತಾರ್ರಿ.”

ಅತ್ತೆ ಒಳಗೆ ಹೋದರು. ಹಸಿರು ಇಳಕಲ್ ಸೀರೆ ತರುತ್ತಾರೆ, ನನ್ನ ಓಣಂ ಮುಗಿಯಿತು ಅಂದುಕೊಂಡೆ. ತಂದದ್ದು ಕಲಸಿದ ಅರಿಶಿನ! ಸೆರಗಿನ ತುದಿಗೆ ಬಳಿದೇ ಬಿಟ್ಟರು.

“ಈಗ ಇದು ಬಿಳಿ ಸೀರಿ ಅಲ್ಲ. ಹೋಗು.”

ಹೊಚ್ಚ ಹೊಸ ಸೀರೆ! ಅಳುವೇ ಬಂತು.

ಶಾಲೆಯಲ್ಲಿ ಹೂವಿನ ರಂಗೋಲಿ ಹಾಕುವಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇದ್ದೆ. ಫೋಟೊಗೆ ನಿಂತಾಗ ಅದು ಜಾರಿತು. ಹಬ್ಬದ ಉಸ್ತುವಾರಿ ಹೊತ್ತ ಮಲಯಾಳಿ ಶೈನಿ ಟೀಚರ್ ಸೆರಗು ಹಿಡಿದು ನೋಡಿದರು. ಹದಿನೈದು ವರ್ಷ ಇಲ್ಲೇ ಇದ್ದು ಅವರ ಮಾತೂ ಇಲ್ಲಿಯದೇ ಆಗಿದೆ.

“ಯಾರ್ರೀ ಇದನ್ನ ಹಚ್ಚಿದವ್ರು? ಓಣಂ ಹೊಸ ಬಟ್ಟಿಗೆ ನಮ್ಮ ಅಜ್ಜಿ ಹಿಂಗ ಅರಿಷಿಣ ಹಚ್ಚಿ ಕೊಡತಿದ್ರು! ನಾನ ಮರತ ಬಿಟ್ಟಿದ್ದೆ!”

ಅವರ ಕಣ್ಣು ತುಂಬಿತ್ತು. “ನಮ್ಮ ಅತ್ತಿರಿ,” ಅಂದೆ.

ಇಡೀ ಶಾಲೆಯಲ್ಲಿ ಇವತ್ತು ಓಣಂ ಸರಿಯಾಗಿ ಮಾಡಿದ್ದು ಯಾರೆಂದರೆ, ಸವದತ್ತಿಯಾಚೆ ಕಾಲಿಡದ ನಮ್ಮ ಅತ್ತೆ!