ಅನುಮಾನರಾಯರು ನಂಬಿದ ಖಾಲಿ ಉತ್ತರ

ಮನೆಮಂದಿಯೆಲ್ಲ ಅವರನ್ನು ಅನುಮಾನರಾಯರು ಎಂದೇ ಕರೆಯುತ್ತಿದ್ದರು. ಒಂದು ಔಷಧಿ ಅಂಗಡಿಯಲ್ಲಿ ಕೊಂಡ ಮಾತ್ರೆಯನ್ನು ಇನ್ನೊಂದು ಅಂಗಡಿಯಲ್ಲಿ ತೋರಿಸಿಯೇ ನುಂಗುವ ಆಸಾಮಿ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ತಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದರು.

ಹೆಂಡತಿಯ ಅಕ್ಕನ ಗಂಡ, ಅಂದರೆ ಇವರ ಷಡ್ಡಕರದು ಕನ್ನಡಕದ ಅಂಗಡಿ. ಇಬ್ಬರೂ ದುಡ್ಡು ಹಾಕಿ ಷೇರು ವ್ಯಾಪಾರಕ್ಕಿಳಿದಿದ್ದರು. ರಾಯರ ಪ್ರೋಗ್ರಾಂ ಬ್ರೋಕರ್ ಕಂಪನಿಯ ಸರ್ವರನ್ನು ‘ನಮ್ಮ ಹತ್ತಿರ ಎಷ್ಟು ಷೇರಿವೆ?’ ಎಂದು ಆಗಾಗ ಕೇಳುತ್ತಿತ್ತು. ಒಂದೂ ಇಲ್ಲವೆಂದರೆ ಕೊಳ್ಳುತ್ತಿತ್ತು, ಇದ್ದರೆ ತೆಪ್ಪಗಿರುತ್ತಿತ್ತು.

ಒಂದು ಮಧ್ಯಾಹ್ನ ನೋಡುತ್ತಾರೆ, ಒಂದೇ ಷೇರನ್ನು ಮತ್ತೆ ಮತ್ತೆ ಕೊಂಡು ಖಾತೆ ಬರಿದಾಗಿದೆ! ಸರ್ವರಿನಿಂದ ದೋಷದ ಸಂದೇಶ ಬಂದರೆ ಪ್ರೋಗ್ರಾಂ ನಿಲ್ಲಬೇಕೆಂದು ತಾವೇ ಬರೆದಿದ್ದರು. ಅಂಥ ಸಂದೇಶ ಬಂದೇ ಇಲ್ಲ. ಹಾಗಾದರೆ ಇದು ಮನುಷ್ಯರದೇ ಕೈವಾಡ. ಇನ್ಯಾರು? ಷಡ್ಡಕರೇ!

“ಭಾವನ ಮೇಲೆ ಸುಮ್ನೆ ಗೂಬೆ ಕೂರಿಸ್ಬೇಡಿ,” ಎಂದಳು ಹೆಂಡತಿ. “ನಂಗಿರೋದು ಅಕ್ಕ ಒಬ್ಳೇ. ಆ ಮನೆ ಬಾಗ್ಲು ಮುಚ್ಚಿಸ್ಬಿಡ್ತೀರ.”

ರಾಯರು ಕೇಳಿಯಾರೆ? ನೆಟ್ಟಗೆ ಅಂಗಡಿಗೆ ನುಗ್ಗಿ, ಗಿರಾಕಿಗಳ ಎದುರೇ ಕೂಗಾಡಿದರು. “ಕದ್ದು ಲಾಗಿನ್ ಆಗಿದ್ದು ನೀವೇ ತಾನೆ, ಭಾವ?”

ಷಡ್ಡಕರ ಮುಖ ಕಪ್ಪಿಟ್ಟಿತು. ಕೈಯಲ್ಲಿದ್ದ ಕನ್ನಡಕ ಕೆಳಗಿಟ್ಟು, ತುಟಿಪಿಟಕ್ಕೆನ್ನದೆ ಒಳಗೆ ಹೋದರು. ಸುಮ್ಮನಿದ್ದಾರೆಂದರೆ ಒಪ್ಪಿಕೊಂಡಂತೆಯೇ ಎಂದು ರಾಯರು ಬೀಗುತ್ತ ಮನೆಗೆ ಬಂದರು.

ಮರುದಿನ ಕಳ್ಳನನ್ನು ಕೈಯಾರೆ ಹಿಡಿಯಬೇಕೆಂದು ಖಾತೆಗೆ ಚೂರು ದುಡ್ಡು ಹಾಕಿ, ಕಣ್ಣಲ್ಲಿ ಕಣ್ಣಿಟ್ಟು ಪರದೆಯ ಮುಂದೆ ಕೂತರು. ಮಾರುಕಟ್ಟೆ ಕಾವೇರಿತು. ಷೇರು ಖಾತೆಯಲ್ಲಿದ್ದರೂ ಸರ್ವರ್ ಈ ಸಲ ಸಂಖ್ಯೆಯನ್ನೂ ಕಳಿಸಲಿಲ್ಲ, ದೋಷವನ್ನೂ ಹೇಳಲಿಲ್ಲ. ಬರೀ ಖಾಲಿ ಉತ್ತರ ಬಂತು. ಖಾಲಿ ಬಂದರೆ ಸೊನ್ನೆ ಎಂದು ತಿಳಿ, ಅಂತ ಪ್ರೋಗ್ರಾಂಗೆ ಕಲಿಸಿದವರು ರಾಯರೇ. ಅದು ಅವರ ಕಣ್ಣೆದುರೇ ಇನ್ನೊಮ್ಮೆ ಕೊಂಡಿತು. ನಿನ್ನೆ ಆಗಿದ್ದೂ ಇದೇ.

“ಅಯ್ಯೋ ನನ್ನ ಕರ್ಮವೇ!” ಗೊತ್ತಿಲ್ಲ ಎನ್ನುವುದನ್ನು ಇಲ್ಲ ಎಂದುಕೊಂಡಿದ್ದರು. ಊರನ್ನೆಲ್ಲ ಅನುಮಾನಿಸಿದವರು ತಾವು ಬರೆದ ಆ ಒಂದು ಸಾಲನ್ನು ಮಾತ್ರ ತಿರುಗಿ ನೋಡಿರಲಿಲ್ಲ. ನಾಚಿಕೆಯಿಂದ ಹಿಡಿಯಷ್ಟಾಗಿ ಅಂಗಡಿಗೆ ಓಡಿದರು.

“ತಪ್ಪಾಯ್ತು ಭಾವ. ಎಡವಟ್ಟು ನನ್ನ ಪ್ರೋಗ್ರಾಂದೇ.”

ಷಡ್ಡಕರು ಗಾಜು ಒರೆಸುತ್ತಲೇ ಕೇಳಿದರು. “ಪಾಸ್‌ವರ್ಡ್ ನಂಗೆ ಯಾವತ್ತಾದ್ರೂ ಕೊಟ್ಟಿದ್ಯಾ?”

ಒರೆಸಿದ ಕನ್ನಡಕವನ್ನು ಷಡ್ಡಕರು ಪೆಟ್ಟಿಗೆಯಲ್ಲಿಟ್ಟು ಇನ್ನೊಂದನ್ನು ಎತ್ತಿಕೊಂಡರು.

“ಕೇಳ್ದಾಗೆಲ್ಲ ಆಮೇಲೆ ಅಂದೆ. ನೀನು ನನ್ನ ನಂಬಲ್ಲ ಅಂತ ಆಗ್ಲೇ ಗೊತ್ತಾಯ್ತು ಮಾರಾಯ. ಆದ್ರೂ ದುಡ್ಡು ನಿನ್ನ ಕೈಲೇ ಇಟ್ಟೆ.” ಅವರು ಕೊನೆಗೂ ತಲೆಯೆತ್ತಿದರು. “ನಿನ್ನ ಹೆಂಡತಿ ಯಾವಾಗ ಬೇಕಾದ್ರೂ ಮನೆಗೆ ಬರ್ಲಿ. ನೀನು ಬರ್ಬೇಡ.”