ಮೂರನೆಯ ಮಾತ್ರೆ

ಎಪ್ಪತ್ತರ ದಶಕದಲ್ಲಿ ಕೆಲವು ವರ್ಷ ನನಗೆ ಸಂಬಳ ಬರುತ್ತಿದ್ದದ್ದು ಸೈಕಲ್ ತುಳಿಯುವುದಕ್ಕೆ. ಹಾಗೆಂದರೆ ಮೊಮ್ಮಕ್ಕಳು ನಗುತ್ತಾರೆ. ರಾಜಾಜಿನಗರದ ಒಂದು ಕಾರ್ಖಾನೆಗೆ ಸೈಕಲ್ ಟೀಮ್ ಇತ್ತು. ಹಾಜರಿ ಪುಸ್ತಕದಲ್ಲಿ ನಾನು ಫಿಟ್ಟರ್. ಆದರೆ ಊಟದ ಗಂಟೆ ಹೊಡೆದ ಮೇಲೆ ಮೆಷಿನ್ ಮುಟ್ಟುತ್ತಿರಲಿಲ್ಲ. ಅದೇ ಟೀಮಿನ ಗೆಳೆಯನೊಬ್ಬನ ಜೊತೆ ಮೈಸೂರು ರಸ್ತೆಗೆ ಪ್ರಾಕ್ಟೀಸಿಗೆ ಹೋಗುತ್ತಿದ್ದೆ. ಆಗ ಕೆಂಗೇರಿ ದಾಟಿದರೆ ಎರಡೂ ಕಡೆ ಮರಗಳು, ಹೊಲ, ಆಗೊಂದು ಈಗೊಂದು ಲಾರಿ, ಅಷ್ಟೇ.

ಗೆಳೆಯ ನನಗಿಂತ ಎರಡು ವರ್ಷ ಚಿಕ್ಕವನು. ವಿಜಯನಗರದಲ್ಲಿ ಒಂದು ಕೋಣೆಯ ಮನೆ, ಹೆಂಡತಿಗೆ ಏಳು ತಿಂಗಳು. ಏರಿನಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ನನ್ನ ಕೆಲಸ ಕಾಯಂ ಆಗಿತ್ತು, ಅವನದು ಆಗಿರಲಿಲ್ಲ. ಯಾರೂ ಬಾಯಿಬಿಟ್ಟು ಹೇಳದಿದ್ದರೂ, ಆ ವರ್ಷದ ದೊಡ್ಡ ರೇಸಿನಲ್ಲಿ ಕಪ್ ಬಂದರೆ ಅವನು ಪರ್ಮನೆಂಟ್, ಬರದಿದ್ದರೆ ಟೀಮೇ ಇರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ರೇಸು ವಿಜಯನಗರದಿಂದ ರಾಮನಗರಕ್ಕೆ ಹೋಗಿ ವಾಪಸ್ ಬರುವುದು. ಬೇಸಿಗೆ. ಹೊರಡುವುದಕ್ಕೆ ಅರ್ಧ ಗಂಟೆ ಮುಂಚೆ ನಮ್ಮ ಮ್ಯಾನೇಜರ್ ನಮ್ಮಿಬ್ಬರನ್ನು ಟೀಮಿನ ವ್ಯಾನಿನ ಹಿಂದಕ್ಕೆ ಕರೆದು, ಕಾಗದದ ಪೊಟ್ಟಣ ಬಿಚ್ಚಿ, ಒಬ್ಬೊಬ್ಬರಿಗೆ ಎರಡೆರಡು ಬಿಳಿ ಮಾತ್ರೆ ಕೊಟ್ಟರು.

"ಏನ್ ಸಾರ್ ಇದು?"

"ಶಕ್ತಿಗೆ ಕಣಯ್ಯ. ಹೊರಗಡೆ ದೇಶದವ್ರೆಲ್ಲಾ ಇದನ್ನೇ ತಗೊಳ್ಳೋದು. ನುಂಗು, ನೀರು ಕುಡಿ."

ನನಗೆ ಆ ಮಾತ್ರೆ ಗೊತ್ತಿತ್ತು. ಪರೀಕ್ಷೆಗೆ ಓದುವ ಹುಡುಗರು, ದೂರ ಹೋಗುವ ಲಾರಿ ಡ್ರೈವರ್‌ಗಳು ನಿದ್ದೆ ಬಾರದಿರಲೆಂದು ನುಂಗುತ್ತಿದ್ದದ್ದು ಅದನ್ನೇ. ತಪ್ಪು ಎಂಬುದೂ ಗೊತ್ತಿತ್ತು. ಆದರೂ ಒಂದು ನುಂಗಿದೆ. ಎರಡನೆಯದು ಅಂಗೈಯಲ್ಲೇ ಉಳಿಯಿತು. ಮ್ಯಾನೇಜರ್ ಆ ಕಡೆ ಹೋದ ಮೇಲೆ ಗೆಳೆಯ ನೋಡಿದ.

"ನಿಂಗ್ ಬೇಡ್ವಾ?"

"ಯಾಕೋ ಭಯ ಆಗುತ್ತೆ ಗುರು."

"ಕೊಡಿಲ್ಲಿ. ನಂಗೆ ಇವತ್ತು ಬೇಕೇ ಬೇಕು."

ಕೊಟ್ಟೆ. ಬೇಡ ಅನ್ನಲು ಒಂದು ಕ್ಷಣ ಸಾಕಿತ್ತು. ಅನ್ನಲಿಲ್ಲ.

ಬಿಡದಿ ದಾಟುವಷ್ಟರಲ್ಲಿ ನನ್ನ ನಾಲಿಗೆ ಒಣಗಿ ಅಂಟಿಕೊಂಡಿತ್ತು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಆದರೆ ಕಾಲಿಗೆ ಆಯಾಸವೇ ಇಲ್ಲ, ನೀರು ಬೇಕೆಂದೂ ಅನ್ನಿಸುತ್ತಿರಲಿಲ್ಲ. ಗೆಳೆಯ ನನ್ನ ಮುಂದೆ ಹುಚ್ಚನಂತೆ ತುಳಿಯುತ್ತಿದ್ದ. ರಾಮನಗರದಲ್ಲಿ ತಿರುಗಿದಾಗ ನಾವಿಬ್ಬರೇ ಮುಂದೆ. ಉಳಿದವರು ಕಣ್ಣಿಗೂ ಕಾಣುತ್ತಿರಲಿಲ್ಲ. ನೀರಿನ ಬಾಟಲಿ ಚಾಚಿದೆ. ತಲೆಯಾಡಿಸಿದ.

ಕುಂಬಳಗೋಡಿನ ಹತ್ತಿರ ಅವನ ಸೈಕಲ್ ಓಲಾಡತೊಡಗಿತು. ಪಕ್ಕಕ್ಕೆ ಹೋದೆ. ಮುಖ ಕೆಂಪಗೆ ಕಾದಿತ್ತು. ಒಂದು ಹನಿ ಬೆವರಿಲ್ಲ.

"ಲೋ, ಏನಾಯ್ತೋ? ನಿಲ್ಸೋ."

ನನ್ನತ್ತ ತಿರುಗಿದ. ಗುರುತೇ ಸಿಗಲಿಲ್ಲವೇನೋ ಎಂಬಂತಿತ್ತು ನೋಟ. ಹಲ್ಲು ಕಚ್ಚಿಕೊಂಡಿದ್ದ. ಹಿಂದೆ ಯಾರಾದರೂ ಬರುತ್ತಾರೆ, ವ್ಯಾನ್ ಬರುತ್ತೆ ಎಂದುಕೊಂಡು ನಾನು ಮುಂದೆ ಹೋದೆ. ಸ್ವಲ್ಪ ದೂರ ಹೋಗಿ ಹಿಂತಿರುಗಿ ನೋಡಿದಾಗ ಅವನು ರಸ್ತೆಯ ಬದಿಗೆ ಮಗುಚಿಬಿದ್ದಿದ್ದ. ಚಕ್ರ ಇನ್ನೂ ತಿರುಗುತ್ತಿತ್ತು. ಸುತ್ತ ಯಾರೂ ಇರಲಿಲ್ಲ.

ನಾನು ನಿಲ್ಲಲಿಲ್ಲ.

ಗೆದ್ದೆ. ಹಾರ ಹಾಕಿದರು. ಫೋಟೋ ತೆಗೆದರು. ಅವನನ್ನು ಹಿಂದೆ ಬಂದ ನಮ್ಮ ವ್ಯಾನಿನಲ್ಲಿ ಆಸ್ಪತ್ರೆಗೆ ಒಯ್ದರೆಂದು ಆಮೇಲೆ ತಿಳಿಯಿತು. ಹಾರ ಯಾರ ಕೈಗೋ ಕೊಟ್ಟು, ಒದ್ದೆ ಬನಿಯನ್ನಿನಲ್ಲೇ ಓಡಿದೆ.

ಅವನಿಗೆ ಪ್ರಜ್ಞೆಯಿರಲಿಲ್ಲ. ಇಬ್ಬರು ನರ್ಸ್‌ಗಳು ಮೈಗೆ ಐಸ್ ಉಜ್ಜುತ್ತಿದ್ದರು. ಆದರೂ ಕೈಕಾಲು ಅದುರುತ್ತಿತ್ತು. ಬಾಗಿಲ ಹೊರಗೆ ಅವನ ಹೆಂಡತಿ ಗೋಡೆಗೆ ಒರಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಡಾಕ್ಟರ್ ಒಬ್ಬ ಹೆಂಗಸು. ಅವರು ಹೊರಗೆ ಬಂದು ಕೇಳಿದರು:

"ಬರೀ ಬಿಸಿಲಿಗೆ ಹೀಗಾಗಲ್ಲ. ಏನು ತಗೊಂಡಿದ್ರು ಇವರು?"

"ಒಂದು ವಿಟಮಿನ್ ಮಾತ್ರೆ ಡಾಕ್ಟ್ರೇ, ಅಷ್ಟೇ," ಎಂದರು ಮ್ಯಾನೇಜರ್. ಹೇಳುತ್ತಲೇ ನನ್ನ ಮೊಣಕೈ ಹಿಡಿದುಕೊಂಡರು. ಹಿಡಿತ ಬಿಗಿಯಾಯಿತು.

"ನೀವೂ ರೇಸಲ್ಲಿ ಇದ್ರಿ ಅಲ್ವಾ? ನೀವ್ ಹೇಳಿ."

ಹೇಳಿದರೆ ಕಪ್ ಹೋಗುತ್ತದೆ, ಟೀಮ್ ಹೋಗುತ್ತದೆ, ಅವನ ಕೆಲಸವೂ ಹೋಗುತ್ತದೆ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಅವನಿಗೋಸ್ಕರವೇ ಸುಮ್ಮನಿರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಒಳಗಿನಿಂದ ನರ್ಸ್ ಕೂಗಿದಳು, ಡಾಕ್ಟರ್ ಬಾಗಿಲ ಕಡೆ ತಿರುಗಿದರು. ಅವನ ಹೆಂಡತಿ ನನ್ನ ಮುಂದೆ ಬಂದು ನಿಂತಳು.

"ಅಣ್ಣಾ, ನಿಮ್ಗೆ ಗೊತ್ತು. ನಿಮ್ ಮುಖ ನೋಡಿದ್ರೇ ಗೊತ್ತಾಗುತ್ತೆ."

"ನಿದ್ದೆ ಬರದೇ ಇರೋ ಮಾತ್ರೆ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಡಾಕ್ಟರಿಗೆ ಕೇಳುವಂತೆ ಮತ್ತೆ ಜೋರಾಗಿ ಹೇಳಿದೆ. "ಒಂದಲ್ಲ ಮೇಡಂ, ಮೂರು. ಎರಡು ಇವರು ಕೊಟ್ಟಿದ್ದು. ಇನ್ನೊಂದು ನಾನು ಕೊಟ್ಟೆ. ಒಂದನ್ನ ನಾನೂ ತಗೊಂಡಿದೀನಿ."

ಮ್ಯಾನೇಜರ್ ನನ್ನ ಕೈ ಬಿಟ್ಟರು. ಡಾಕ್ಟರ್ ಒಳಗೆ ಓಡಿದರು. ಸಂಜೆ ಐದರ ಹೊತ್ತಿಗೆ ಅದುರುವುದು ನಿಂತಿತು. ಮಾರನೆಯ ದಿನ ಕಣ್ಣು ಬಿಟ್ಟ.

ಡಾಕ್ಟರ್ ಎಲ್ಲವನ್ನೂ ಬರೆದಿಟ್ಟರು. ರೇಸು ನಡೆಸಿದವರಿಗೆ ಸುದ್ದಿ ಮುಟ್ಟಿ ಕಪ್ ವಾಪಸ್ ಹೋಯಿತು. ಕಾರ್ಖಾನೆ ಟೀಮನ್ನು ಮುಚ್ಚಿತು. ಹುಡುಗರೇ ಅಂಗಡಿಯಲ್ಲಿ ಕೊಂಡು ನುಂಗಿದರು ಎಂದು ಮ್ಯಾನೇಜರ್ ಬರೆದುಕೊಟ್ಟರು. ಅವರಿಗೆ ಏನೂ ಆಗಲಿಲ್ಲ. ಗೆಳೆಯನನ್ನು ಕೆಲಸದಿಂದ ತೆಗೆದರು. ನನ್ನನ್ನು ಪೂರ್ತಿ ಶಿಫ್ಟಿಗೆ ಹಾಕಿದರು. "ಬಾಯಿ ಮುಚ್ಕೊಂಡು ಇದ್ದಿದ್ರೆ ನಿನ್ ಗಂಟೇನ್ ಹೋಗ್ತಿತ್ತೋ" ಎಂದು ಟೀಮಿನವರು ಎಷ್ಟೋ ತಿಂಗಳು ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಎರಡು ವಾರ ಬಿಟ್ಟು ಅವನ ಮನೆಗೆ ಹೋದೆ. ಮಂಚದ ಮೇಲೆ ಕೂತಿದ್ದ. ಇಳಿದುಹೋಗಿದ್ದ. ಹೆಂಡತಿ ಕಾಫಿ ಮಾಡಲು ಅಡುಗೆಯ ಮೂಲೆಗೆ ಹೋದಾಗ ಮೆಲ್ಲಗೆ ಕೇಳಿದ.

"ನೀನ್ ಹೇಳಿದ್ದಕ್ಕೇ ನಾನು ಬದ್ಕಿದ್ದು ಅಂತಾಳೆ ಇವಳು. ಅದಿರ್ಲಿ. ನಾನು ಬಿದ್ದಿದ್ದು ನೋಡಿದ್ಯೇನೋ?"

ಇಲ್ಲ ಎಂದಿದ್ದರೆ ನಂಬುತ್ತಿದ್ದ.

"ನೋಡ್ದೆ."

ಕಾಫಿ ಬಂತು. ಕುಡಿದೆವು.

"ನಾನಾಗಿದ್ರೂ ನಿಲ್ತಿರ್ಲಿಲ್ಲ ಬಿಡೋ," ಎಂದ ಕೊನೆಗೆ.

ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ ನನಗೆ ಇಂದಿಗೂ ತಿಳಿಯದು. ಅವನಿಗೆ ಮಾಗಡಿ ರಸ್ತೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಸಿಕ್ಕಿತು. ಮಗಳು ಹುಟ್ಟಿದಳು, ನಾಮಕರಣಕ್ಕೆ ನಾನು ಹೋಗಿದ್ದೆ. ಅವನು ಕೆಲಸಕ್ಕೆ ಬಸ್ಸಿನಲ್ಲೇ ಹೋಗುತ್ತಿದ್ದ. ಎದುರಾದಾಗಲೆಲ್ಲ ನಿಂತು ಮಾತಾಡುತ್ತಿದ್ದೆವು, ಮನೆಯ ವಿಷಯ, ಮಕ್ಕಳ ಸ್ಕೂಲಿನ ವಿಷಯ. ರೇಸಿನ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.